ಮರಕಾನಾ: ಎರಡು ಲಕ್ಷ ಜನ ಒಮ್ಮೆಗೇ ಮೂಕರಾದ ಮೈದಾನ

ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಮರಕಾನಾ ಎಂಬ ಒಂದು ಸಣ್ಣ ಹೊಳೆ ಇದೆ. ಅಲ್ಲಿನ ಮೂಲ ನಿವಾಸಿಗಳ ತುಪಿ ಭಾಷೆಯಲ್ಲಿ ಮರಕಾನಾ ಎಂದರೆ ಒಂದು ಜಾತಿಯ ಗಿಳಿ. ಒಂದಾನೊಂದು ಕಾಲಕ್ಕೆ ಆ ಹೊಳೆಯ ದಂಡೆಯ ಮರಗಳ ಮೇಲೆ ಗಿಳಿಗಳ ಗದ್ದಲ ಇದ್ದಿರಬೇಕು. ಗಿಳಿಯಿಂದ ಹೊಳೆಗೆ, ಹೊಳೆಯಿಂದ ಬಡಾವಣೆಗೆ, ಬಡಾವಣೆಯಿಂದ ಒಂದು ಫುಟ್‌ಬಾಲ್ ಕ್ರೀಡಾಂಗಣಕ್ಕೆ ಇಳಿದು ಬಂದ ಈ ಹೆಸರು ಇಂದು ಚೆಂಡಾಟದ ಗಂಧಗಾಳಿ ಇಲ್ಲದವರ ಕಿವಿಗೂ ಬಿದ್ದಿದೆ.

ಸರ್ಕಾರಿ ಕಾಗದಪತ್ರಗಳಲ್ಲಿ ಮಾತ್ರ ಕ್ರೀಡಾಂಗಣದ ಹೆಸರು ಬೇರೆ. ಅಲ್ಲಿ ಅದು ‘ಪತ್ರಕರ್ತ ಮಾರಿಯೊ ಫಿಲ್ಯೊ ಕ್ರೀಡಾಂಗಣ’. ರಾಜರು, ಮಂತ್ರಿಗಳು, ದಾನಿಗಳ ಹೆಸರನ್ನು ಹೊತ್ತ ಕ್ರೀಡಾಂಗಣಗಳು ಲೋಕದಲ್ಲಿ ಎಷ್ಟೋ ಇವೆ. ಪತ್ರಿಕೆಯಲ್ಲಿ ಬರೆದು ಬದುಕಿದವನೊಬ್ಬನ ಹೆಸರನ್ನು ಇಷ್ಟು ದೊಡ್ಡ ಕಟ್ಟಡಕ್ಕೆ ಇಟ್ಟದ್ದು ಅಪರೂಪವೇ ಸರಿ. ಆದರೆ ಜನ ಹೊಳೆಯ ಹೆಸರನ್ನೇ ಉಳಿಸಿಕೊಂಡರು. 2021ರಲ್ಲಿ ಇದನ್ನು ಬದಲಿಸಿ ಪೆಲೆಯ ಹೆಸರಿಡಬೇಕೆಂದು ರಿಯೊ ರಾಜ್ಯದ ಶಾಸನಸಭೆಯೇ ಒಪ್ಪಿಗೆ ಕೊಟ್ಟಿತು. ಜನರಿಂದ ಆಕ್ಷೇಪ ಬಂದು, ಗವರ್ನರ್ ಅದಕ್ಕೆ ಸಹಿ ಹಾಕಲಿಲ್ಲ. ಪೆಲೆಗೂ ಸಿಗದ ಮರ್ಯಾದೆ ಗಿಳಿಯ ಹೆಸರಿಗೆ ದಕ್ಕಿತು!

ಪತ್ರಕರ್ತನ ಹಟ

ಎರಡನೆಯ ಮಹಾಯುದ್ಧದಿಂದಾಗಿ 1942 ಮತ್ತು 1946ರ ವಿಶ್ವಕಪ್‌ಗಳು ನಡೆಯಲಿಲ್ಲ. ಯುರೋಪಿನ ನಗರಗಳು ಹಾಳುಬಿದ್ದಿದ್ದವು. ಆಟ ಆಡಿಸುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ. ಆಗ 1950ರ ವಿಶ್ವಕಪ್ ನಡೆಸಲು ಮುಂದೆ ಬಂದದ್ದು ಬ್ರೆಜಿಲ್. ಯುದ್ಧದ ಪೆಟ್ಟು ಹೆಚ್ಚಾಗಿ ತಾಗದ, ಕೈಗಾರಿಕೆಯಲ್ಲಿ ಮೇಲೇಳುತ್ತಿದ್ದ, ‘ನಾವೂ ಒಂದು ದೊಡ್ಡ ರಾಷ್ಟ್ರ’ ಎಂದು ಲೋಕಕ್ಕೆ ಹೇಳಿಕೊಳ್ಳಲು ಕಾತರಿಸುತ್ತಿದ್ದ ದೇಶ ಅದು. ಹೇಳಿಕೊಳ್ಳಲು ಒಂದು ಕುರುಹು ಬೇಕಲ್ಲ! ಆಗ ದೇಶದ ರಾಜಧಾನಿಯಾಗಿದ್ದ ರಿಯೊದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಕ್ರೀಡಾಂಗಣ ಕಟ್ಟುವುದೆಂದು ತೀರ್ಮಾನವಾಯಿತು.

ಎಲ್ಲಿ ಕಟ್ಟಬೇಕು ಎಂಬಲ್ಲಿ ಜಗಳ ಶುರುವಾಯಿತು. ನಗರಸಭೆಯ ಸದಸ್ಯರೂ ಪ್ರಖರ ಮಾತುಗಾರರೂ ಆಗಿದ್ದ ಕಾರ್ಲೋಸ್ ಲಸೆರ್ಡಾ, ಊರಿನಿಂದ ದೂರದ ಜಕರೆಪಗುವಾದಲ್ಲಿ ಕಟ್ಟಿದರೆ ಸಾಕು, ಇಷ್ಟೊಂದು ದುಂದುವೆಚ್ಚ ಬೇಡ ಎಂದರು. ಇದಕ್ಕೆ ಎದುರಾಗಿ ನಿಂತವರು ‘ಜೊರ್ನಲ್ ದೋಸ್ ಸ್ಪೋರ್ಟ್ಸ್’ ಎಂಬ ಕ್ರೀಡಾ ದೈನಿಕದ ಒಡೆಯ ಮಾರಿಯೊ ಫಿಲ್ಯೊ. ಬಡವನೂ ಬಸ್ಸು, ರೈಲು ಹಿಡಿದು ಸುಲಭವಾಗಿ ಬರುವಂತಿರಬೇಕು. ಹಾಗಾಗಿ ಕ್ರೀಡಾಂಗಣ ಊರ ನಡುವೆಯೇ, ಮರಕಾನಾ ಹೊಳೆಯ ಬಳಿ ಹಳೆಯ ಕುದುರೆ ಜೂಜಿನ ಮೈದಾನವಿದ್ದ ಜಾಗದಲ್ಲೇ ಆಗಬೇಕು ಎಂದು ಅವರ ಪತ್ರಿಕೆ ದಿನವೂ ಬರೆಯಿತು. ಬ್ರೆಜಿಲಿನ ಫುಟ್‌ಬಾಲಿನಲ್ಲಿ ಕರಿಯ ಆಟಗಾರರು ಪಟ್ಟ ಪಾಡಿನ ಬಗ್ಗೆ 1947ರಲ್ಲೇ ಒಂದು ಪುಸ್ತಕ ಬರೆದಿದ್ದ ಅವರಿಗೆ ಈ ಆಟ ಯಾರ ಸೊತ್ತು ಎಂಬುದರ ಬಗ್ಗೆ ಸಂದೇಹವಿರಲಿಲ್ಲ. ಕೊನೆಗೆ ಗೆದ್ದವರು ಅವರೇ. 1966ರಲ್ಲಿ ಅವರು ತೀರಿಕೊಂಡಾಗ ಕ್ರೀಡಾಂಗಣಕ್ಕೆ ಅವರ ಹೆಸರಿಟ್ಟದ್ದು ಈ ಋಣಕ್ಕಾಗಿ.

1948ರ ಆಗಸ್ಟ್ 2ರಂದು ಶಂಕುಸ್ಥಾಪನೆಯಾಯಿತು. ಹಣ ಕೂಡಿಸಲು ಶಾಶ್ವತ ಕುರ್ಚಿಗಳ ಹಕ್ಕನ್ನು ಶ್ರೀಮಂತರಿಗೆ ಮುಂಗಡವಾಗಿ ಮಾರಿದರು. ಮೊಟ್ಟೆಯಾಕಾರದ ಬೃಹತ್ ಕಾಂಕ್ರೀಟ್ ಕಟ್ಟಡ. ಸುತ್ತಲೂ ನೋಟಕ್ಕೆ ಅಡ್ಡಬರುವ ಕಂಬಗಳಿಲ್ಲದೆ ಚಾಚಿಕೊಂಡ ಚಾವಣಿ. ಮೈದಾನಕ್ಕೂ ಜನರಿಗೂ ನಡುವೆ ಕೋಟೆಯ ಕಂದಕದಂಥ ಒಣ ಕಾಲುವೆ. ಎರಡು ವರ್ಷವೂ ತುಂಬುವ ಮೊದಲೇ, 1950ರ ಜೂನ್ 16ರಂದು ರಿಯೊ ಮತ್ತು ಸಾವೊ ಪೌಲೊ ತಂಡಗಳ ನಡುವಿನ ಪಂದ್ಯದೊಂದಿಗೆ ಉದ್ಘಾಟನೆ ನಡೆಯಿತು. ಮೊದಲ ಗೋಲು ಹೊಡೆದವನು ರಿಯೊ ತಂಡದ ತರುಣ ದಿದಿ. ಗೆದ್ದದ್ದು ಮಾತ್ರ ಸಾವೊ ಪೌಲೊ, 3-1ರಿಂದ.

ಉದ್ಘಾಟನೆಯಾಯಿತು ಎಂದರೆ ಕಟ್ಟಡ ಮುಗಿದಿತ್ತು ಎಂದು ತಿಳಿಯಬಾರದು. ವಿಶ್ವಕಪ್ ಶುರುವಾದ ಮೇಲೂ ಅಲ್ಲಲ್ಲಿ ಕಬ್ಬಿಣ ಹೊರಚಾಚಿಕೊಂಡೇ ಇತ್ತು. ಜುಲೈ 1ರಂದು ಬ್ರೆಜಿಲ್ ವಿರುದ್ಧ ಆಡಲು ಮೈದಾನಕ್ಕೆ ಬರುತ್ತಿದ್ದ ಯುಗೋಸ್ಲಾವಿಯದ ರಾಯ್ಕೊ ಮಿಟಿಚ್ ಇಂಥ ಒಂದು ಕಬ್ಬಿಣದ ತೊಲೆಗೆ ತಲೆ ಬಡಿಸಿಕೊಂಡ. ಆತನ ತಲೆಗೆ ಪಟ್ಟಿ ಕಟ್ಟುವ ಹೊತ್ತಿಗೆ ಆಟ ಆರಂಭವಾಗಿ, ಅವನ ತಂಡ ಹತ್ತೇ ಜನರೊಂದಿಗೆ ಆಡಬೇಕಾಯಿತು. ಕಾಮಗಾರಿ ಪೂರ್ತಿ ಮುಗಿದದ್ದು 1965ರಲ್ಲಿ! ಸರ್ಕಾರಿ ಕಟ್ಟಡಗಳ ಜಾತಕ ಎಲ್ಲ ದೇಶಗಳಲ್ಲೂ ಒಂದೇ ಇರುವಂತಿದೆ.

ನಾವು ಹೋಗದ ವಿಶ್ವಕಪ್

ಇದೇ ವಿಶ್ವಕಪ್‌ಗೆ ಭಾರತವೂ ಅರ್ಹತೆ ಪಡೆದಿತ್ತು ಎಂಬುದು ಇಂದಿನ ಎಷ್ಟೋ ಮಂದಿಗೆ ತಿಳಿಯದು. ನಮ್ಮ ಗುಂಪಿನಲ್ಲಿದ್ದ ಬರ್ಮಾ, ಇಂಡೊನೇಷ್ಯಾ, ಫಿಲಿಪ್ಪೀನ್ಸ್ ಹಿಂದೆ ಸರಿದದ್ದರಿಂದ ಒಂದು ಪಂದ್ಯವನ್ನೂ ಆಡದೆ ಬಾಗಿಲು ತೆರೆದಿತ್ತು. ಇಟಲಿ, ಸ್ವೀಡನ್, ಪರಗ್ವೆಗಳ ಜೊತೆ ಭಾರತದ ಹೆಸರೂ ಪಟ್ಟಿಗೆ ಬಂತು. ಪ್ರಯಾಣ ವೆಚ್ಚದ ಬಹುಭಾಗ ಭರಿಸಲು ಬ್ರೆಜಿಲ್ ಸಿದ್ಧವಿತ್ತು. ಆದರೂ ನಮ್ಮವರು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲವಾದ್ದರಿಂದ ಭಾರತ ಹೋಗಲಿಲ್ಲ ಎಂಬ ಮಾತು ಬಾಯಿಂದ ಬಾಯಿಗೆ ಹರಡಿ ಇತಿಹಾಸವೇ ಆಗಿಬಿಟ್ಟಿದೆ. ಆದರೆ ಫೆಡರೇಷನ್ ಆಗ ಕೊಟ್ಟ ಕಾರಣ ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದು ಎಂಬುದು. ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಅಷ್ಟು ಮುಖ್ಯವಲ್ಲ ಎಂಬ ಭಾವನೆಯೂ ಆಗ ನಮ್ಮಲ್ಲಿತ್ತು. ಬರಿಗಾಲಿನ ಕಥೆ ಕೇಳಲು ಸೊಗಸಾಗಿದೆ. ನಿಜವಾದ ಕಾರಣ ನಮಗೆ ತೀರಾ ಪರಿಚಿತವಾದದ್ದು, ಆದ್ದರಿಂದ ಸಪ್ಪೆ.

ಈ ನಷ್ಟದಲ್ಲಿ ಬೆಂಗಳೂರಿನ ಪಾಲೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ 2-1ರಿಂದ ಸೋತ ಪಂದ್ಯದಲ್ಲಿ ಭಾರತದ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ‘ಪಂಚ ಪಾಂಡವರು’ ಎಂದು ಹೆಸರಾದ ಐವರು ಮುನ್ಪಡೆ ಆಟಗಾರರಲ್ಲಿ ಒಬ್ಬರು. ಆಗಿನ ಮೈಸೂರು ತಂಡ 1946ರಲ್ಲಿ ಬಂಗಾಳವನ್ನೇ ಮಣಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. ಭಾರತ ಬ್ರೆಜಿಲಿಗೆ ಹೋಗಿದ್ದರೂ ಮೊದಲ ಸುತ್ತಿನ ಪಂದ್ಯಗಳು ಸಾವೊ ಪೌಲೊ, ಕುರಿಟಿಬಾಗಳಲ್ಲಿ ನಡೆಯುತ್ತಿದ್ದವೇ ಹೊರತು ಮರಕಾನಾದಲ್ಲಲ್ಲ. ಆ ಹುಲ್ಲಿನ ಮೇಲೆ ಕಾಲಿಡಲು ಗುಂಪು ಗೆಲ್ಲಬೇಕಿತ್ತು. ಅದು ದೂರದ ಮಾತಾಗಿತ್ತು, ಇರಲಿ.

1950ರ ಜುಲೈ 16

ಆ ವಿಶ್ವಕಪ್‌ನಲ್ಲಿ ಇಂದಿನಂತೆ ‘ಫೈನಲ್’ ಎಂಬುದಿರಲಿಲ್ಲ. ಗುಂಪುಗಳಲ್ಲಿ ಗೆದ್ದ ನಾಲ್ಕು ತಂಡಗಳು ಪರಸ್ಪರ ಆಡಿ, ಹೆಚ್ಚು ಅಂಕ ಪಡೆದವರು ಚಾಂಪಿಯನ್ನರು. ಬ್ರೆಜಿಲ್ ಸ್ವೀಡನ್ನನ್ನು 7-1ರಿಂದ, ಸ್ಪೇನನ್ನು 6-1ರಿಂದ ನುಚ್ಚುನೂರು ಮಾಡಿತು. ಸ್ಪೇನ್ ಪಂದ್ಯದಂದು ಮರಕಾನಾದ ಜನಸಾಗರ ಗೂಳಿ ಕಾಳಗದ ಒಂದು ಕಾರ್ನಿವಲ್ ಹಾಡನ್ನು ಒಕ್ಕೊರಲಿನಿಂದ ಹಾಡಿ, ಕರವಸ್ತ್ರ ಬೀಸಿ ಸ್ಪೇನಿನವರನ್ನು ಬೀಳ್ಕೊಟ್ಟಿತ್ತು. ಉರುಗ್ವೆಯಾದರೋ ಸ್ಪೇನ್ ಜೊತೆ 2-2 ಡ್ರಾ, ಸ್ವೀಡನ್ ಮೇಲೆ 3-2ರ ಕಷ್ಟದ ಗೆಲುವು ಕಂಡು ಬಂದಿತ್ತು. ಕೊನೆಯ ಪಂದ್ಯ ಈ ಎರಡೂ ತಂಡಗಳ ನಡುವೆ. ಬ್ರೆಜಿಲಿಗೆ ಡ್ರಾ ಆದರೂ ಸಾಕು.

ಪಂದ್ಯ ಆಡುವ ಮೊದಲೇ ದೇಶ ಗೆದ್ದುಬಿಟ್ಟಿತ್ತು. ‘ಓ ಮುಂದೊ’ ಎಂಬ ಪತ್ರಿಕೆ ತಂಡದ ಚಿತ್ರ ಹಾಕಿ ‘ಇವರೇ ವಿಶ್ವ ಚಾಂಪಿಯನ್ನರು’ ಎಂದು ಅಚ್ಚು ಹಾಕಿತು. ಆಟಕ್ಕೆ ಮುಂಚೆ ರಿಯೊದ ಮೇಯರ್ ಧ್ವನಿವರ್ಧಕದಲ್ಲಿ ಆಟಗಾರರನ್ನು ‘ಕೆಲವೇ ಗಂಟೆಗಳಲ್ಲಿ ಚಾಂಪಿಯನ್ನರಾಗಲಿರುವವರು’ ಎಂಬ ಧಾಟಿಯಲ್ಲಿ ಹೊಗಳಿದರು. ಉರುಗ್ವೆ ತಂಡದ ನಾಯಕ ಒಬ್ಡುಲಿಯೊ ವರೇಲಾ ಆ ಪತ್ರಿಕೆಯ ಪ್ರತಿಗಳನ್ನು ಕೊಂಡು ತಂದು, ತನ್ನ ಆಟಗಾರರ ಎದುರು ಬಚ್ಚಲುಮನೆಯ ನೆಲಕ್ಕೆ ಹಾಸಿದ ಎಂದು ಉರುಗ್ವೆಯಲ್ಲಿ ಇಂದಿಗೂ ಹೇಳುತ್ತಾರೆ. ಇದು ಎಷ್ಟು ನಿಜವೋ! ಆದರೆ ಆ ಮನುಷ್ಯನ ಸ್ವಭಾವಕ್ಕೆ ಒಪ್ಪುವ ಕಥೆ.

ಅಂದು ಟಿಕೆಟ್ ಕೊಂಡು ಒಳಗೆ ಬಂದವರು 1,73,850 ಮಂದಿ. ಆಮಂತ್ರಿತರು, ಪತ್ರಕರ್ತರು, ಗೋಡೆ ಹಾರಿದವರು ಎಲ್ಲರನ್ನೂ ಸೇರಿಸಿ 1,99,854 ಎಂಬ ಅಂಕಿ ದಾಖಲೆಯಲ್ಲಿ ನಿಂತಿದೆ. ಆಗ ರಿಯೊ ನಗರದ ಜನಸಂಖ್ಯೆ ಸುಮಾರು 24 ಲಕ್ಷ. ಎಂದರೆ ಊರಿನ ಹನ್ನೆರಡು ಜನರಲ್ಲಿ ಒಬ್ಬರಷ್ಟು ಮಂದಿ ಆ ಮೊಟ್ಟೆಯ ಒಳಗಿದ್ದರು! ಅದಕ್ಕೂ ಮುಂಚೆ ಅತಿ ದೊಡ್ಡದೆನಿಸಿದ್ದ ಗ್ಲಾಸ್ಗೊದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ 1937ರ ಸ್ಕಾಟ್ಲೆಂಡ್-ಇಂಗ್ಲೆಂಡ್ ಪಂದ್ಯಕ್ಕೆ ಸೇರಿದ್ದವರು ಒಂದೂವರೆ ಲಕ್ಷ.

ಮೊದಲಾರ್ಧ ಗೋಲಿಲ್ಲದೆ ಮುಗಿಯಿತು. 47ನೇ ನಿಮಿಷದಲ್ಲಿ ಫ್ರಿಯಾಸಾ ಬ್ರೆಜಿಲ್ ಪರ ಗೋಲು ಹೊಡೆದಾಗ ಕಾಂಕ್ರೀಟು ನಡುಗುವಂತೆ ಜನ ಕೂಗಿದರು. ಆಗ ವರೇಲಾ ಮಾಡಿದ ಕೆಲಸ ವಿಚಿತ್ರವಾದದ್ದು. ಆತ ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ನಿಧಾನವಾಗಿ ನಡೆಯುತ್ತ ಇಂಗ್ಲಿಷ್ ರೆಫರಿ ಜಾರ್ಜ್ ರೀಡರ್ ಬಳಿ ಹೋಗಿ, ಅದು ಆಫ್‌ಸೈಡ್ ಎಂದು ವಾದಕ್ಕೆ ನಿಂತ. ಒಬ್ಬನ ಭಾಷೆ ಇನ್ನೊಬ್ಬನಿಗೆ ಬಾರದು! ಗೋಲು ರದ್ದಾಗಲಿ ಎಂಬುದು ಅವನ ಉದ್ದೇಶವಾಗಿರಲಿಲ್ಲ. ಎರಡು ಲಕ್ಷ ಜನರ ಉನ್ಮಾದ ಸ್ವಲ್ಪ ತಣ್ಣಗಾಗಲಿ, ತನ್ನ ಹುಡುಗರ ಎದೆಬಡಿತ ಹದಕ್ಕೆ ಬರಲಿ ಎಂಬುದಷ್ಟೇ ಅವನಿಗೆ ಬೇಕಿತ್ತು. ಆ ಒಂದೆರಡು ನಿಮಿಷದ ವಾದದಲ್ಲೇ ಪಂದ್ಯದ ಗತಿ ತಿರುಗಿತು ಎಂದು ನನ್ನ ಅನಿಸಿಕೆ. ಕೋಟೆಯೊಳಗೆ ಸಿಕ್ಕಿಬಿದ್ದವನು ಮೊದಲು ಗದ್ದಲವನ್ನು ಗೆಲ್ಲಬೇಕು.

66ನೇ ನಿಮಿಷದಲ್ಲಿ ಬಲಬದಿಯಿಂದ ನುಗ್ಗಿದ ಅಲ್ಸಿಡೆಸ್ ಗಿಗ್ಗಿಯಾ ಚೆಂಡನ್ನು ನಡುವಿಗೆ ದಾಟಿಸಿದ. ಸ್ಕಿಯಾಫಿನೊ ಗೋಲು ಹೊಡೆದ. 1-1. ಈಗಲೂ ಕಪ್ ಬ್ರೆಜಿಲಿನದೇ. ಆದರೆ ಗ್ಯಾಲರಿಗಳಲ್ಲಿ ಭಯ ಹೊಕ್ಕಿತ್ತು. 79ನೇ ನಿಮಿಷದಲ್ಲಿ ಗಿಗ್ಗಿಯಾ ಮತ್ತೆ ಅದೇ ದಾರಿಯಲ್ಲಿ ಬಂದ. ಕಾವಲಿಗಿದ್ದ ಬಿಗೋಡೆ ಹಿಂದೆ ಬಿದ್ದ. ಗೋಲಿ ಮೊವಾಸಿರ್ ಬಾರ್ಬೋಸಾ, ಹಿಂದಿನ ಸಲದಂತೆ ಈಗಲೂ ಚೆಂಡು ನಡುವಿಗೆ ಬರುತ್ತದೆ ಎಂದೆಣಿಸಿ ಒಂದು ಹೆಜ್ಜೆ ಮುಂದೆ ಬಂದ. ಗೋಲಿಗೂ ಹತ್ತಿರದ ಕಂಬಕ್ಕೂ ನಡುವೆ ಒಂದು ಕಿಂಡಿ ಕಂಡಿತು. ಗಿಗ್ಗಿಯಾ ಚೆಂಡನ್ನು ಆ ಕಿಂಡಿಯೊಳಗೆ ತೂರಿಸಿದ. ಬಾರ್ಬೋಸಾ ಹಿಂದಕ್ಕೆ ಜಿಗಿದ; ಬೆರಳಿಗೆ ಚೆಂಡು ತಾಗಿತು, ಹೊರಗೆ ಹೋಗಿರಬೇಕು ಎಂದುಕೊಂಡನಂತೆ. ಸುತ್ತಲಿನ ಮೌನ ಕೇಳಿದ ಮೇಲೆಯೇ ಅವನಿಗೆ ತಿರುಗಿ ನೋಡುವ ಧೈರ್ಯ ಬೇಕಾದದ್ದು.

ಆ ಮೌನದ ಬಗ್ಗೆ ಬರೆಯದವರಿಲ್ಲ. ಫಿಫಾ ಅಧ್ಯಕ್ಷ ಝೂಲ್ ರಿಮೆ, ಪಂದ್ಯ 1-1 ಇದ್ದಾಗ ಬಹುಮಾನ ವಿತರಣೆಗೆ ಅಣಿಯಾಗಲು ಮೇಲಿನ ಆಸನದಿಂದ ಎದ್ದು ಕೆಳಗಿಳಿಯತೊಡಗಿದ್ದರು. ಬ್ರೆಜಿಲ್ ತಂಡವನ್ನು ಅಭಿನಂದಿಸುವ ಭಾಷಣ ಸಿದ್ಧವಿತ್ತು. ಒಳದಾರಿಗಳನ್ನು ದಾಟಿ ಮೈದಾನಕ್ಕೆ ಬರುವಷ್ಟರಲ್ಲಿ ಎಲ್ಲವೂ ಬದಲಾಗಿತ್ತು. ಗೌರವರಕ್ಷೆ ಇಲ್ಲ, ರಾಷ್ಟ್ರಗೀತೆ ಇಲ್ಲ, ವೇದಿಕೆ ಇಲ್ಲ. ಗುಂಪಿನ ನೂಕುನುಗ್ಗಲಿನಲ್ಲಿ ಕಪ್ ಹಿಡಿದುಕೊಂಡು ಒಂಟಿಯಾಗಿ ನಿಂತಿದ್ದ ಅವರು ಹೇಗೋ ವರೇಲಾನನ್ನು ಹುಡುಕಿ, ಯಾರಿಗೂ ಕಾಣದಂತೆ ಎಂಬ ಹಾಗೆ ಕಪ್ಪನ್ನು ಅವನ ಕೈಗಿಟ್ಟು, ಒಂದು ಮಾತನ್ನೂ ಆಡಲಾಗದೆ ಹಿಂತಿರುಗಿದರಂತೆ. ವಿಶ್ವಕಪ್ ಚರಿತ್ರೆಯಲ್ಲಿ ಇಷ್ಟು ಸದ್ದಿಲ್ಲದೆ ಕೈಬದಲಾದ ಟ್ರೋಫಿ ಇನ್ನೊಂದಿಲ್ಲ.

ವರೇಲಾ ಅಂದು ರಾತ್ರಿ ತನ್ನ ಸಂಗಾತಿಗಳೊಂದಿಗೆ ಹಬ್ಬ ಮಾಡದೆ ರಿಯೊದ ಮದ್ಯದಂಗಡಿಗಳಿಗೆ ಹೋದ. ಅಳುತ್ತಿದ್ದ ಬ್ರೆಜಿಲಿಗರ ಜೊತೆ ಕುಳಿತು ಕುಡಿದ. ಇಷ್ಟು ಜನರಿಗೆ ದುಃಖ ತಂದದ್ದಕ್ಕೆ ತನಗೆ ನೋವಾಯಿತೆಂದು ಆಮೇಲೆ ಹೇಳಿಕೊಂಡ.

ಐವತ್ತು ವರ್ಷದ ಶಿಕ್ಷೆ

ಸೋಲಿಗೆ ಹೊಣೆ ಯಾರಾದರೂ ಹೊರಲೇಬೇಕಲ್ಲ. ಹನ್ನೊಂದು ಮಂದಿಯಲ್ಲಿ ಜನರ ಬೆರಳು ತೋರಿದ್ದು ಮೂವರತ್ತ: ಗೋಲಿ ಬಾರ್ಬೋಸಾ, ರಕ್ಷಣಾ ಆಟಗಾರರಾದ ಬಿಗೋಡೆ, ಜುವೆನಾಲ್. ಮೂವರೂ ಕರಿಯರು. ಇದು ಕಾಕತಾಳೀಯ ಎಂದು ನಂಬುವುದು ಕಷ್ಟ. ಮಾರಿಯೊ ಫಿಲ್ಯೊ ತಮ್ಮ ಪುಸ್ತಕದಲ್ಲಿ ಹೇಳಿದ್ದ ಕಾಯಿಲೆಯೇ ಅವರು ಹಟ ಹಿಡಿದು ಕಟ್ಟಿಸಿದ ಮೈದಾನದಲ್ಲಿ ಮತ್ತೆ ತಲೆಯೆತ್ತಿತು.

ಬಾರ್ಬೋಸಾ ಆ ಕಾಲದ ಅತ್ಯುತ್ತಮ ಗೋಲಿಗಳಲ್ಲಿ ಒಬ್ಬ. ಒಮ್ಮೆ ಅಂಗಡಿಯೊಂದರಲ್ಲಿ ಹೆಂಗಸೊಬ್ಬಳು ಅವನನ್ನು ಗುರುತಿಸಿ ತನ್ನ ಮಗನಿಗೆ, ‘ನೋಡು, ಇಡೀ ಬ್ರೆಜಿಲನ್ನು ಅಳಿಸಿದವನು ಇವನೇ’ ಎಂದಳಂತೆ. ಸೋಲಾಗಿ ಇಪ್ಪತ್ತು ವರ್ಷ ಕಳೆದಿತ್ತು ಆಗ. 1993ರಲ್ಲಿ ರಾಷ್ಟ್ರೀಯ ತಂಡ ಅಭ್ಯಾಸ ಮಾಡುತ್ತಿದ್ದ ಜಾಗಕ್ಕೆ ಶುಭ ಕೋರಲು ಹೋದಾಗ ಅಪಶಕುನ ಎಂಬ ಭಯದಿಂದ ಅವನನ್ನು ಒಳಗೆ ಬಿಡಲಿಲ್ಲ. ನಿವೃತ್ತಿಯ ನಂತರ ಹೊಟ್ಟೆಪಾಡಿಗೆ ಅವನು ಕೆಲಸ ಮಾಡಿದ್ದು ಇದೇ ಮರಕಾನಾದ ಆಡಳಿತದಲ್ಲಿ! ಹಳೆಯ ಮರದ ಗೋಲುಕಂಬಗಳನ್ನು ಬದಲಿಸಿದಾಗ ಅವನ್ನು ಅವನಿಗೇ ಕೊಟ್ಟರೆಂದೂ, ಅವನು ಅವನ್ನು ಸೌದೆ ಮಾಡಿ, ಮಿತ್ರರನ್ನು ಕರೆದು ಮಾಂಸ ಸುಟ್ಟು ಉಣಬಡಿಸಿದನೆಂದೂ ಒಂದು ಕಥೆಯಿದೆ. ಬ್ರೆಜಿಲಿನ ಕಾನೂನಿನಲ್ಲಿ ಅತಿ ದೀರ್ಘ ಶಿಕ್ಷೆ ಮೂವತ್ತು ವರ್ಷ, ನಾನು ಮಾಡದ ತಪ್ಪಿಗೆ ಐವತ್ತು ವರ್ಷ ಅನುಭವಿಸಿದ್ದೇನೆ ಎಂಬ ಅರ್ಥದ ಮಾತನ್ನು ಕೊನೆಗಾಲದಲ್ಲಿ ಆಡಿ, 2000ದ ಏಪ್ರಿಲ್‌ನಲ್ಲಿ ಬಡತನದಲ್ಲೇ ತೀರಿಕೊಂಡ.

ಮಾರಿಯೊ ಫಿಲ್ಯೊ ಅವರ ತಮ್ಮ, ಪ್ರಸಿದ್ಧ ನಾಟಕಕಾರ ನೆಲ್ಸನ್ ರೊಡ್ರಿಗಸ್ ಈ ಸೋಲನ್ನು ಬ್ರೆಜಿಲಿನ ಹಿರೋಷಿಮಾ ಎಂದು ಕರೆದರು. ಒಂದು ಆಟದ ಸೋಲಿಗೆ ಅಣುಬಾಂಬಿನ ಹೋಲಿಕೆ ನಮಗೆ ಅತಿಯೆನಿಸಬಹುದು, ಅತಿಯೇ ಹೌದು. ತಮ್ಮನ್ನು ತಾವೇ ಬೀದಿನಾಯಿಯಂತೆ ಕೀಳಾಗಿ ಕಾಣುವ ತಮ್ಮ ಜನರ ಮನೋಭಾವಕ್ಕೆ ‘ಬೀದಿನಾಯಿ ಕೀಳರಿಮೆ’ ಎಂದು ಹೆಸರಿಟ್ಟವರೂ ಅವರೇ. ಅಂದು ತೊಟ್ಟಿದ್ದ ಬಿಳಿ ಅಂಗಿಯೂ ಅಪಶಕುನದ್ದಾಯಿತು. ಹೊಸ ಉಡುಪಿಗಾಗಿ ‘ಕೊರೈಯೊ ದ ಮಾನ್ಯಾ’ ಪತ್ರಿಕೆ 1953ರಲ್ಲಿ ಸ್ಪರ್ಧೆ ನಡೆಸಿತು. ಹಸಿರು ಅಂಚಿನ ಹಳದಿ ಅಂಗಿ, ನೀಲಿ ಚಡ್ಡಿಯ ಚಿತ್ರ ಬರೆದು ಗೆದ್ದವನು ಅಲ್ಡಿರ್ ಶ್ಲೀ ಎಂಬ ಹತ್ತೊಂಬತ್ತರ ಹುಡುಗ. ಇಂದು ಜಗತ್ತೆಲ್ಲ ಗುರುತಿಸುವ ಆ ಹಳದಿ ಅಂಗಿಯ ಹಿಂದೆ ಮರಕಾನಾದ ಮೌನವಿದೆ. ತಮಾಷೆಯೆಂದರೆ ಶ್ಲೀ ಹುಟ್ಟಿದ್ದು ಉರುಗ್ವೆ ಗಡಿಯ ಊರಿನಲ್ಲಿ. ಅವನ ಮನಸ್ಸಿಗೆ ಹತ್ತಿರವಾಗಿದ್ದ ತಂಡವೂ ಉರುಗ್ವೆಯೇ!

ಜೆರಾಲ್ ಎಂಬ ಜಾಗ

ಒಂದು ಸೋಲಿನಿಂದ ಮರಕಾನಾ ಪಾಳುಬೀಳಲಿಲ್ಲ. ರಿಯೊದ ನಾಲ್ಕು ದೊಡ್ಡ ಕ್ಲಬ್ಬುಗಳಾದ ಫ್ಲಮೆಂಗೊ, ಫ್ಲುಮಿನೆನ್ಸೆ, ವಾಸ್ಕೊ ಡ ಗಾಮಾ, ಬೊಟಫೊಗೊಗಳ ಕದನಗಳಿಗೆ ಅದು ವಾರವಾರವೂ ತುಂಬಿತು. 1963ರ ಡಿಸೆಂಬರ್ 15ರಂದು ಫ್ಲಮೆಂಗೊ-ಫ್ಲುಮಿನೆನ್ಸೆ ಪಂದ್ಯಕ್ಕೆ ಟಿಕೆಟ್ ಪಡೆದವರೇ 1,77,020. ಕ್ಲಬ್ಬುಗಳ ಪಂದ್ಯಕ್ಕೆ ಇಷ್ಟು ಜನ ಬೇರೆಲ್ಲೂ ಸೇರಿಲ್ಲ. ಆ ಆಟ ಮುಗಿದದ್ದು 0-0! 1969ರ ಆಗಸ್ಟ್ 31ರಂದು ಪರಗ್ವೆ ವಿರುದ್ಧದ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಬಂದವರು 1,83,341. ಅದೇ ವರ್ಷ ನವೆಂಬರ್ 19ರಂದು ಸಾಂತೋಸ್ ತಂಡದ ಪೆಲೆ, ವಾಸ್ಕೊ ವಿರುದ್ಧ ಪೆನಾಲ್ಟಿಯಿಂದ ತನ್ನ ಸಾವಿರದ ಗೋಲು ಹೊಡೆದದ್ದು ಇಲ್ಲಿಯೇ. ಅತಿ ಹೆಚ್ಚು ಗೋಲುಗಳನ್ನು ಈ ಮೈದಾನದಲ್ಲಿ ಹೊಡೆದವನು ಮಾತ್ರ ಪೆಲೆ ಅಲ್ಲ, ಫ್ಲಮೆಂಗೊದ ಜಿಕೊ: 333. ಡೊಂಕು ಕಾಲಿನ ಮಾಂತ್ರಿಕ ಗರಿಂಚಾ 1983ರಲ್ಲಿ ಕುಡಿತದಿಂದ ಜರ್ಝರಿತನಾಗಿ ಸತ್ತಾಗ ಅವನ ದೇಹವನ್ನು ಸಾರ್ವಜನಿಕ ದರ್ಶನಕ್ಕೆ ಇಟ್ಟದ್ದೂ ಇಲ್ಲೇ.

ಆದರೆ ಮರಕಾನಾವನ್ನು ಮರಕಾನಾ ಮಾಡಿದ್ದು ತಾರೆಯರಲ್ಲ, ‘ಜೆರಾಲ್’. ಕಂದಕಕ್ಕೆ ತಾಗಿಕೊಂಡು ಮೈದಾನದ ಸುತ್ತ ಇದ್ದ, ನಿಂತೇ ನೋಡಬೇಕಾದ ಜಾಗ ಅದು. ಕುರ್ಚಿ ಇಲ್ಲ, ಮೆಟ್ಟಿಲಿಲ್ಲ, ನೆತ್ತಿಯ ಮೇಲೆ ಚಾವಣಿಯಿಲ್ಲ. ಬಿಸಿಲಾದರೆ ಬಿಸಿಲು, ಮಳೆಯಾದರೆ ಮಳೆ. ನೋಡುಗರ ಕಣ್ಣು ಹೆಚ್ಚುಕಡಿಮೆ ಹುಲ್ಲಿನ ಮಟ್ಟದಲ್ಲಿರುತ್ತಿದ್ದುದರಿಂದ ಆಟ ನೋಡುವುದಕ್ಕೆ ಇಷ್ಟು ಕೆಟ್ಟ ಜಾಗ ಇನ್ನೊಂದಿರಲಿಲ್ಲ. ಕಾಣುತ್ತಿದ್ದುದು ಆಟಗಾರರ ಕಾಲುಗಳು ಮಾತ್ರ. ಟಿಕೆಟ್ಟಿನ ಬೆಲೆ ಕೂಲಿಯವನ ಜೇಬಿಗೆ ಎಟಕುವಷ್ಟು. ಗಾರೆ ಕೆಲಸದವರು, ಮನೆಗೆಲಸದವರು, ಬೀದಿ ವ್ಯಾಪಾರಿಗಳು, ಗುಡ್ಡದ ಮೇಲಿನ ಕೊಳೆಗೇರಿಗಳ ಹುಡುಗರು ಅಲ್ಲಿ ಸೇರುತ್ತಿದ್ದರು. ವೇಷ ಹಾಕಿ ಬರುವವರು, ಹರಕೆ ಹೊತ್ತು ಬರುವವರು, ಆಟಗಾರ ಓಡಿದತ್ತ ಕಂದಕದ ಗುಂಟ ತಾವೂ ಓಡುವವರು, ತರಬೇತುದಾರನಿಗೆ ತೊಂಬತ್ತು ನಿಮಿಷವೂ ಬುದ್ಧಿ ಹೇಳುವವರು! ಅವರಿಗೆ ರೇಡಿಯೊದವರು ‘ಜೆರಾಲ್ದಿನೊ’ಗಳು ಎಂದು ಹೆಸರಿಟ್ಟರು. ನಮ್ಮ ಟೆಂಟ್ ಸಿನಿಮಾಗಳ ನೆಲದ ಗಿರಾಕಿಗಳನ್ನು ಕಂಡವರಿಗೆ ಈ ಜನರನ್ನು ಬೇರೆಯಾಗಿ ಪರಿಚಯಿಸಬೇಕಿಲ್ಲ. ಪರದೆಗೆ ಹತ್ತಿರವಿದ್ದು ಕತ್ತು ನೋಯಿಸಿಕೊಂಡವರೇ ಸಿನಿಮಾದ ಗೆಲುವು ಸೋಲು ನಿರ್ಧರಿಸುತ್ತಿದ್ದವರಲ್ಲವೆ?

ಕಟ್ಟಡ ಮಾತ್ರ ಸೊರಗುತ್ತಿತ್ತು. 1992ರ ಜುಲೈ 19ರಂದು ಫ್ಲಮೆಂಗೊ-ಬೊಟಫೊಗೊ ಪಂದ್ಯಕ್ಕೆ ಮುಂಚೆ ಮೇಲಿನ ಗ್ಯಾಲರಿಯ ಕಂಬಿಬೇಲಿ ಮುರಿದು ಜನ ಕೆಳಗೆ ಬಿದ್ದರು. ಮೂವರು ಸತ್ತರು, ಹತ್ತಾರು ಮಂದಿ ಗಾಯಗೊಂಡರು. ಅಲ್ಲಿಗೆ ಲಕ್ಷಗಟ್ಟಲೆ ಜನ ಸೇರುವ ಯುಗ ಮುಗಿಯಿತು. ಪ್ರೇಕ್ಷಕರ ಮಿತಿ ಇಳಿಯಿತು, ಕಾಂಕ್ರೀಟ್ ಮೆಟ್ಟಿಲುಗಳ ಮೇಲೆ ಕುರ್ಚಿಗಳು ಬಂದವು. 2005ರಲ್ಲಿ ಜೆರಾಲ್ ಶಾಶ್ವತವಾಗಿ ಮುಚ್ಚಿತು. ಪ್ರಾಣಕ್ಕಿಂತ ದೊಡ್ಡದು ಯಾವುದೂ ಇಲ್ಲ, ನಿಜ. ಆದರೆ ಸುರಕ್ಷತೆಯ ಹೆಸರಿನಲ್ಲಿ ಕುರ್ಚಿ ಬಂದಾಗ ಟಿಕೆಟ್ಟಿನ ಬೆಲೆಯೂ ಏಕೆ ಏರಬೇಕಿತ್ತು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿಲ್ಲ.

2014ರ ವಿಶ್ವಕಪ್‌ಗೆಂದು ನಡೆದ ನವೀಕರಣದಲ್ಲಿ ಹೊರಗೋಡೆಯೊಂದನ್ನು ಬಿಟ್ಟರೆ ಒಳಗಿನ ಬಹುಪಾಲು ಹೊಸದಾಯಿತು. 2000ದಲ್ಲಿ ರಾಷ್ಟ್ರೀಯ ಪರಂಪರೆ ಎಂದು ಘೋಷಿಸಿದ್ದರೂ ಹಳೆಯ ಕಾಂಕ್ರೀಟ್ ಚಾವಣಿಯನ್ನು ಒಡೆದು ಹಾಕಿದರು. ಎರಡು ಅಂತಸ್ತು ಹೋಗಿ ಒಂದೇ ಇಳಿಜಾರಾಯಿತು. ಆಸನ ಸುಮಾರು 78,000. ವೆಚ್ಚ ನೂರು ಕೋಟಿ ರಿಯಾಲ್‌ಗೂ ಮಿಕ್ಕಿತು. ಪಕ್ಕದಲ್ಲಿದ್ದ, ಹಿಂದೆ ಮೂಲ ನಿವಾಸಿಗಳ ವಸ್ತುಸಂಗ್ರಹಾಲಯವಾಗಿದ್ದ ಹಳೆಯ ಕಟ್ಟಡದಲ್ಲಿ ನೆಲೆಸಿದ್ದ ಬುಡಕಟ್ಟಿನವರನ್ನು 2013ರ ಮಾರ್ಚ್‌ನಲ್ಲಿ ಪೊಲೀಸರು ಹೊರದಬ್ಬಿದರು. ಅವರದೇ ಭಾಷೆಯ ಗಿಳಿಯ ಹೆಸರು ಹೊತ್ತ ಕ್ರೀಡಾಂಗಣಕ್ಕಾಗಿ! ಅದೇ ಜೂನ್ 30ರಂದು ಒಳಗೆ ಬ್ರೆಜಿಲ್ ಸ್ಪೇನನ್ನು 3-0ಯಿಂದ ಸೋಲಿಸಿ ಕಾನ್ಫೆಡರೇಷನ್ಸ್ ಕಪ್ ಗೆಲ್ಲುತ್ತಿದ್ದಾಗ, ಹೊರಗೆ ಕ್ರೀಡಾಂಗಣಗಳಿಗೆ ಸುರಿದ ಹಣದ ಲೆಕ್ಕ ಕೇಳುತ್ತ ಜನ ಬೀದಿಗಿಳಿದಿದ್ದರು. ನವೀಕರಣದ ಕಾಲದ ಗವರ್ನರ್ ಸೆರ್ಜಿಯೊ ಕಬ್ರಾಲ್, ಮರಕಾನಾವೂ ಸೇರಿದಂತೆ ಕಾಮಗಾರಿಗಳಲ್ಲಿ ಲಂಚ ಪಡೆದ ಆರೋಪದ ಮೇಲೆ 2016ರ ನವೆಂಬರ್‌ನಲ್ಲಿ ಬಂಧಿತರಾದರು.

ಇಷ್ಟೆಲ್ಲ ಮಾಡಿದ ಮೇಲೂ 2014ರ ವಿಶ್ವಕಪ್‌ನಲ್ಲಿ ಬ್ರೆಜಿಲ್ ತಂಡ ಮರಕಾನಾದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಫೈನಲ್ ತಲುಪಿದ್ದರೆ ಮಾತ್ರ ಅಲ್ಲಿಗೆ ಬರುವಂತೆ ವೇಳಾಪಟ್ಟಿ ಇತ್ತು. ಬೆಲೊ ಹೊರಿಜಾಂಟೆಯಲ್ಲಿ ಜರ್ಮನಿ 7-1ರಿಂದ ಅದಕ್ಕೆ ಅಡ್ಡ ಬಂತು. ಅಂದು ಹಲವರಿಗೆ ಹೊಳೆದದ್ದು ಬಾರ್ಬೋಸಾನ ನೆನಪು. ಒಂದು ಗೋಲಿನಿಂದ ಸೋತವನಿಗೆ ಐವತ್ತು ವರ್ಷ ಎಂದಾದರೆ ಏಳು ಗೋಲಿಗೆ ಎಷ್ಟು? ಮರಕಾನಾದಲ್ಲಿ ಕಪ್ ಎತ್ತಿದ್ದು ಅರ್ಜೆಂಟೀನಾವನ್ನು 1-0ಯಿಂದ ಸೋಲಿಸಿದ ಜರ್ಮನಿ. 2016ರ ಒಲಿಂಪಿಕ್ಸ್ ಫೈನಲ್‌ನಲ್ಲಿ ಅದೇ ಜರ್ಮನಿಯನ್ನು ಪೆನಾಲ್ಟಿಗಳಲ್ಲಿ ಮಣಿಸಿ ಬ್ರೆಜಿಲ್ ತನ್ನ ಮೊದಲ ಫುಟ್‌ಬಾಲ್ ಚಿನ್ನ ಗೆದ್ದಾಗ ಮೈದಾನಕ್ಕೆ ಸ್ವಲ್ಪ ಕಳೆ ಬಂತು. ಆದರೆ ಆರು ತಿಂಗಳೊಳಗೆ, ನಿರ್ವಹಣೆ ಯಾರದೆಂಬ ಜಗಳದಲ್ಲಿ ವಿದ್ಯುತ್ ಕಡಿತವಾಗಿ, ಹುಲ್ಲು ಒಣಗಿ, ಕುರ್ಚಿಗಳು ಕಳವಾದ ಚಿತ್ರಗಳು ಲೋಕದ ಪತ್ರಿಕೆಗಳಲ್ಲೆಲ್ಲ ಬಂದವು. ಆಮೇಲೆ ಆಟ ಮರಳಿತು. 2023ರಲ್ಲಿ ಫ್ಲುಮಿನೆನ್ಸೆ ತನ್ನ ಮೊದಲ ಲಿಬರ್ಟಡೊರೆಸ್ ಕಪ್ ಗೆದ್ದದ್ದು ಇದೇ ಅಂಗಳದಲ್ಲಿ.

ಗಿಗ್ಗಿಯಾನ ಮಾತು ಉಳಿಯಿತು. ಮರಕಾನಾವನ್ನು ಮೌನಗೊಳಿಸಿದವರು ಮೂವರೇ ಮೂವರು, ಹಾಡುಗಾರ ಫ್ರಾಂಕ್ ಸಿನಾತ್ರ, ಪೋಪ್ ಮತ್ತು ನಾನು ಎಂದು ಅವನು ಹೇಳುತ್ತಿದ್ದ. ಸಿನಾತ್ರ 1980ರ ಜನವರಿಯಲ್ಲಿ ಇಲ್ಲಿ ಹಾಡಿದ್ದರು. ಪೋಪ್ ಎರಡನೇ ಜಾನ್ ಪಾಲ್ ಅದೇ ವರ್ಷ ಬಂದಿದ್ದರು. 2009ರ ಡಿಸೆಂಬರ್‌ನಲ್ಲಿ ಮರಕಾನಾದ ಆಡಳಿತ ಗಿಗ್ಗಿಯಾನನ್ನು ಕರೆಸಿ, ಪೆಲೆ ಮೊದಲಾದವರ ಹೆಜ್ಜೆ ಗುರುತುಗಳಿರುವ ಸಾಲಿನಲ್ಲಿ ಅವನ ಪಾದಗಳ ಅಚ್ಚನ್ನೂ ತೆಗೆದುಕೊಂಡಿತು. 83ರ ಮುದುಕ ಅಂದು ಅತ್ತ. 1950ರಲ್ಲಿ ಅಲ್ಲಿ ಆಡಿದ 22 ಮಂದಿಯಲ್ಲಿ ಕೊನೆಯವರೆಗೆ ಬದುಕಿದ್ದವನು ಅವನೇ. ತೀರಿಕೊಂಡದ್ದು 2015ರ ಜುಲೈ 16ರಂದು. ಆ ಗೋಲಿಗೆ ಅಂದಿಗೆ ಸರಿಯಾಗಿ 65 ವರ್ಷವಾಗಿತ್ತು.